ಮ್ಯಾಚಿಂಗ್ ಸೆಂಟರಿನ ಮಾಳಿಗೆ

ಸೀರೆ ಅಂಗಡಿಗೂ ಮ್ಯಾಚಿಂಗ್ ಸೆಂಟರಿಗೂ ಅಜಗಜಾಂತರ. ಸೀರೆ ಅಂಗಡಿಯಲ್ಲಿ ಬಿಳಿ ಗಾದಿ ಹಾಸಿ ಕೂರಿಸುತ್ತಾರೆ, ತಣ್ಣಗೆ ಏನಾದರೂ ಕುಡಿಯಲು ಕೊಡುತ್ತಾರೆ, ಐವತ್ತು ಸೀರೆ ಬಿಡಿಸಿ ಹಾಕಿಸಿ ಒಂದನ್ನೂ ಒಪ್ಪದೆ ಎದ್ದರೂ ಮುಖ ಸಿಂಡರಿಸುವುದಿಲ್ಲ. ಮ್ಯಾಚಿಂಗ್ ಸೆಂಟರಿನಲ್ಲಿ ಕೂರಲು ಜಾಗವೇ ಇರುವುದಿಲ್ಲ. ಒಂದು ಸ್ಟೂಲು ಇದ್ದರೆ ಅದರ ಮೇಲೆ ಯಾರದೋ ಗಂಡ ಕೂತು ಮೊಬೈಲು ನೋಡುತ್ತಿರುತ್ತಾನೆ. ಆದರೂ ನಮಗೆ, ಹೆಂಗಸರಿಗೆ, ಸಲಿಗೆ ಇರುವುದು ಇಲ್ಲಿಯೇ. ಸೀರೆ ಅಂಗಡಿಗೆ ಹಬ್ಬಕ್ಕೋ ಮದುವೆಗೋ ಹೋಗುತ್ತೇವೆ. ಇಲ್ಲಿಗೆ ಹುಕ್ಕಿಗೆ, ಲೈನಿಂಗಿಗೆ, ಫಾಲ್ಸಿಗೆ, ಒಂದು ರೀಲು ದಾರಕ್ಕೆ, ಕೆಲವೊಮ್ಮೆ ಏನೂ ಬೇಕಿಲ್ಲದೆಯೂ ಹೋಗುತ್ತಿರುತ್ತೇವೆ.

ನಾನು ಹೇಳಹೊರಟ ಅಂಗಡಿ ಧಾರವಾಡದ ಪೇಟೆಯ ಒಂದು ಸಂದಿಯಲ್ಲಿದೆ. ಹೆಸರು ಹೇಳುವುದಿಲ್ಲ, ಹೇಳಿದರೆ ಇರುವ ಒಂದು ಸ್ಟೂಲಿಗೂ ಪಾಳಿ ಹಚ್ಚಬೇಕಾದೀತು. ಗಲ್ಲಾದ ಹಿಂದೆ ಕಾಕಾ. ಅವರ ಅಪ್ಪ ಇಟ್ಟ ಅಂಗಡಿ ಇದು. ಮಾಲು ತರುವುದು, ಲೆಕ್ಕ, ಜಿಎಸ್‌ಟಿ ಎಲ್ಲ ಮಗನ ಪಾಲಿಗೆ. ನೂಲಿನ ಗೋಡೆಯ ಮುಂದೆ ಮೈಸೂರು ಕಡೆಯಿಂದ ಬಂದ ಸೊಸೆ. ಕಾಕಾನ ಹೆಂಡತಿ ಕಾಕು ಕೆಳಗೆ ಇರುವುದು ಕಡಿಮೆ. ಅವರ ರಾಜ್ಯವೆಲ್ಲ ಮಾಳಿಗೆಯ ಮೇಲೆ. ಎಡಗೋಡೆ ತುಂಬ ರುಬಿಯಾ, ಪಾಪ್ಲಿನ್, ಸ್ಯಾಟಿನ್, ಗುಳೇದಗುಡ್ಡದ ಖಣ. ಬಲಗೋಡೆ ತುಂಬ ನೂಲು: ಲುಧಿಯಾನದಿಂದ ಬಂದ ಉಲ್ಲನ್, ಕ್ರೋಶಾ ದಾರದ ಉಂಡೆ, ಕಸೂತಿ ದಾರದ ಲಡಿ, ಸೆರಗಿಗೆ ಗೊಂಡೆ ಕಟ್ಟುವ ರೇಷ್ಮೆ ದಾರ.

ಇಲ್ಲಿ ಬಣ್ಣಕ್ಕೆ ಕೆಂಪು, ಹಸಿರು ಎಂಬ ಹೆಸರು ಸಾಲುವುದಿಲ್ಲ. ರಾಣಿ, ರಾಮಾ ಗ್ರೀನ್, ಗಿಳಿಹಸಿರು, ಈರುಳ್ಳಿ ಬಣ್ಣ, ಬದನೆಕಾಯಿ ಬಣ್ಣ ಎಂದು ಹೇಳಿದರೆ ಕಾಕಾ ನಿಂತಲ್ಲಿಂದಲೇ ಕೈ ಚಾಚಿ ಸರಿಯಾದ ತಾನನ್ನು ಎಳೆಯುತ್ತಾರೆ. ಎಳೆದ ಮೇಲೆ ಒಂದೇ ಮಾತು: "ಹೊರಗ ಬಿಸಲಾಗ ನೋಡ್ರೀ ಅಕ್ಕಾರ. ಟ್ಯೂಬ್‌ಲೈಟ್ ಸುಳ್ಳ ಹೇಳತೈತಿ." ಬೇರೆ ಬೇರೆ ಬಣ್ಣದ ಪುಡಿಯಲ್ಲಿ ಅದ್ದಿದ ಎರಡು ಬಟ್ಟೆಗಳು ಒಂದು ಬೆಳಕಿನಲ್ಲಿ ಅವಳಿಜವಳಿಯಾಗಿ ಕಂಡು, ಬೆಳಕು ಬದಲಾದ ಕೂಡಲೇ ಬೇರೆಯಾಗಬಲ್ಲವು. ಇದನ್ನು ಭೌತಶಾಸ್ತ್ರದ ಪುಸ್ತಕ ಓದಿ ತಿಳಿಯಬೇಕಿಲ್ಲ, ಮದುವೆಮನೆಯಲ್ಲಿ ರವಿಕೆ ತೊಟ್ಟು ಅಂಗಳಕ್ಕೆ ಬಂದರೆ ತಿಳಿಯುತ್ತದೆ. ಹಾಗಾಗಿ ಈ ಸಂದಿಯಲ್ಲಿ ಹಗಲೆಲ್ಲ ಒಬ್ಬಿಬ್ಬರು ಹೆಂಗಸರು ಒಂದು ಕೈಯಲ್ಲಿ ಸೀರೆ ಸೆರಗು, ಇನ್ನೊಂದು ಕೈಯಲ್ಲಿ ತಾನು ಹಿಡಿದು ರಸ್ತೆಯ ನಡುವೆ ನಿಂತಿರುತ್ತಾರೆ. ಸ್ಕೂಟರಿನವರು ಅವರನ್ನು ಬಳಸಿಕೊಂಡು ಹೋಗುತ್ತಾರೆ. ಹಾರ್ನ್ ಬಾರಿಸುವವನು ಪರವೂರಿನವನೇ.

ಬಣ್ಣ ಒಪ್ಪಿಗೆಯಾದರೆ ಪನ್ನದ, ಎಂದರೆ ಬಟ್ಟೆಯ ಅಗಲದ, ಚರ್ಚೆ. ದೊಡ್ಡ ಪನ್ನವಾದರೆ ಎಂಬತ್ತು ಸೆಂಟಿಮೀಟರ್ ಸಾಕು, ಸಣ್ಣ ಪನ್ನವಾದರೆ ಒಂದು ಮೀಟರ್ ಬೇಕು, ಉದ್ದ ತೋಳಾದರೆ ಇನ್ನಷ್ಟು. ಆಮೇಲೆ ಅಳತೆಪಟ್ಟಿಯ ಮೇಲೆ ಬಟ್ಟೆ ಎಳೆದು, ಅಂಚಿಗೆ ಕತ್ತರಿಯಿಂದ ಒಂದು ಚಿಕ್ಕ ಗಾಯ ಮಾಡಿ, ಎರಡೂ ಕೈಯಿಂದ ಟರ್ರೆಂದು ಹರಿಯುತ್ತಾರೆ. ಕತ್ತರಿಸಿದರೆ ಸೊಟ್ಟಗಾಗಬಹುದು, ಹರಿದದ್ದು ಸೊಟ್ಟಗಾಗುವುದಿಲ್ಲ. ಪಾಪ್ಲಿನ್ನಿನಂಥ ಬಟ್ಟೆ ತನ್ನ ಎಳೆಯ ಗುಂಟವೇ ಬಿಡುತ್ತದೆ. ನನಗೆ ಈ ಸದ್ದು ಎಷ್ಟು ಇಷ್ಟವೆಂದರೆ, ಬೇರೆಯವರ ಬಟ್ಟೆ ಹರಿಯುವಾಗಲೂ ಮಾತು ನಿಲ್ಲಿಸಿ ಕೇಳುತ್ತೇನೆ.

ಬಲಗೋಡೆಯ ವ್ಯವಹಾರ ಸ್ವಲ್ಪ ತಲೆ ತಿನ್ನುವಂಥದು. ಅಲ್ಲಿ ನಂಬರು ದೊಡ್ಡದಾದಷ್ಟು ವಸ್ತು ಸಣ್ಣದು. ಇಪ್ಪತ್ತು ನಂಬರಿನ ಕ್ರೋಶಾ ದಾರಕ್ಕಿಂತ ನಲವತ್ತರದು ತೆಳು. ಎಂಟು ನಂಬರಿನ ಉಲ್ಲನ್ ಕಡ್ಡಿ ನಾಲ್ಕು ಮಿಲಿಮೀಟರ್ ದಪ್ಪವಿದ್ದರೆ ಹನ್ನೆರಡರದು ಮೂರಕ್ಕಿಂತ ಕಡಿಮೆ. ಹತ್ತಿ ನೂಲಿನ ನಂಬರಿಗೆ ಒಂದು ಹಳೆಯ ಇಂಗ್ಲಿಷ್ ಲೆಕ್ಕವಿದೆ: ಒಂದು ಪೌಂಡ್ ತೂಕದಲ್ಲಿ 840 ಗಜದ ಲಡಿಗಳು ಎಷ್ಟು ಬರುತ್ತವೋ ಅದೇ ಅದರ ನಂಬರು. ಅರವತ್ತು ನಂಬರಿನ ಒಂದೆಳೆ ನೂಲನ್ನು ಒಂದು ಪೌಂಡ್, ಎಂದರೆ ಅರ್ಧ ಕಿಲೋಗೂ ಕಡಿಮೆ, ತೂಗಿ ಬಿಚ್ಚುತ್ತ ಹೋದರೆ 46 ಕಿಲೋಮೀಟರ್ ಆಗುತ್ತದೆ. ಧಾರವಾಡದಿಂದ ಹುಬ್ಬಳ್ಳಿಗೆ ಹೋಗಿ, ಅಲ್ಲಿ ಒಂದಿಷ್ಟು ಸುತ್ತಾಡಿ ವಾಪಸು ಬರಬಹುದು. ಈ ಉಲ್ಟಾ ಲೆಕ್ಕಕ್ಕೆ ನೀವು ಹೊಂದಿಕೊಂಡಿರೋ ಇಲ್ಲವೋ, ಹೊಲಿಗೆ ಮಷಿನ್ನಿನ ಸೂಜಿ ಬಂದು ಎಲ್ಲ ಕೆಡಿಸುತ್ತದೆ. ಅದರಲ್ಲಿ ಹದಿನಾಲ್ಕಕ್ಕಿಂತ ಹದಿನಾರು ದಪ್ಪ.

ಉಲ್ಲನ್ ಕೊಳ್ಳುವವರಿಗೆ ಸೊಸೆ ಎರಡು ಸಂಗತಿ ತಪ್ಪದೆ ಹೇಳುತ್ತಾಳೆ. ಮೊದಲನೆಯದು, ಸ್ವೆಟರಿಗೆ ಬೇಕಾದಷ್ಟು ಉಂಡೆಗಳನ್ನು ಒಮ್ಮೆಲೇ ಒಯ್ಯಿರಿ, ಚೀಟಿಯ ಮೇಲಿನ ಲಾಟ್ ನಂಬರ್ ಒಂದೇ ಇದೆಯೇ ನೋಡಿ. ಬೇರೆ ಬೇರೆ ದಿನ ಬಣ್ಣ ಹಾಕಿದ ನೂಲು ಉಂಡೆಯಲ್ಲಿ ಒಂದೇ ಆಗಿ ಕಂಡರೂ ಹೆಣೆದಾಗ ಗೆರೆ ಎದ್ದು ಕಾಣುತ್ತದೆ. ಕಾಕಾ ನಡುವೆ ಬಾಯಿ ಹಾಕುತ್ತಾರೆ: "ತೋಳ ಒಂದ ಬಣ್ಣ, ಮೈ ಒಂದ ಬಣ್ಣ ಆಕ್ಕೈತಿ ನೋಡ್ರಿ, ಆಮ್ಯಾಲೆ ನಮ್ಮ ಮ್ಯಾಲೆ ಸಿಟ್ಟ ಮಾಡಬ್ಯಾಡ್ರಿ." ಎರಡನೆಯದು, ಉಲ್ಲನ್ ಎಂದು ಎಲ್ಲರೂ ಕರೆಯುವ ಇದರಲ್ಲಿ ಬಹುಪಾಲು ಆಕ್ರಿಲಿಕ್. ನಂಬದವರಿಗೆ ಒಂದು ಎಳೆ ತುಂಡು ಮಾಡಿ ಕಡ್ಡಿ ಗೀರಿ ತೋರಿಸುತ್ತಾಳೆ. ಕುರಿಯ ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ, ಬೆರಳಲ್ಲಿ ಹೊಸಕಿದರೆ ಬೂದಿ ಪುಡಿಯಾಗುತ್ತದೆ. ಆಕ್ರಿಲಿಕ್ಕಾದರೆ ಕರಗಿ ತುದಿಗೆ ಗಟ್ಟಿ ಮಣಿ ಕಟ್ಟುತ್ತದೆ. ಹತ್ತಿ ಕಾಗದದ ವಾಸನೆ ಬಿಡುತ್ತದೆ. ತನ್ನ ಮಾಲನ್ನು ತಾನೇ ಸುಟ್ಟು ಗುಣದೋಷ ಹೇಳುವ ವ್ಯಾಪಾರ ನಾನು ಬೇರೆಲ್ಲೂ ನೋಡಿಲ್ಲ.

ಮಾಳಿಗೆಯ ಮೇಲೆ ಈಗ ಕೈಕೆಲಸ ಕಲಿಸುವ ಕ್ಲಾಸು ನಡೆಯುತ್ತದೆ. ಅದು ಶುರುವಾದದ್ದು ಸೊಸೆಯ ಹಟದಿಂದ. ನೂಲು ಕೇಳುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿರುವುದನ್ನು ಮೊದಲು ಗಮನಿಸಿದ್ದು ಅವಳೇ. ಆನ್‌ಲೈನಿನಲ್ಲಿ ತರಿಸುತ್ತಾರೆಂಬುದು ಕಾಕಾನ ವಾದ. ಸೊಸೆಯದು ಬೇರೆ: ಜನ ಬೇರೆಡೆ ಕೊಳ್ಳುತ್ತಿಲ್ಲ ಮಾವ, ಕೊಂಡು ಏನು ಮಾಡಬೇಕೆಂಬುದೇ ಅವರಿಗೆ ಮರೆತುಹೋಗಿದೆ. ಅವಳ ಮಾತು ನಿಜ. ನಮ್ಮ ತಾಯಂದಿರ ಕಾಲದಲ್ಲಿ ನೂಲು ಮಾರುವವನಿಗೆ ಗಿರಾಕಿಯನ್ನು ತಯಾರು ಮಾಡುವ ಕೆಲಸ ಇರಲಿಲ್ಲ. ಅದನ್ನು ಮನೆಗಳು ಪುಕ್ಕಟೆ ಮಾಡಿಕೊಡುತ್ತಿದ್ದವು. ಬಸುರಿಯಿದ್ದ ಮನೆಯಲ್ಲಿ ಕುಂಚಿಗೆ ಹೊಲಿಯುತ್ತಿದ್ದರು, ಅತ್ತೆ ಕಟ್ಟೆಯ ಮೇಲೆ ಕೂತು ಕ್ರೋಶಾ ಹಾಕುತ್ತಿದ್ದಳು, ಪಕ್ಕದಲ್ಲಿ ಕೂತ ಹುಡುಗಿಗೆ ಕೈ ತಾನಾಗಿ ಬರುತ್ತಿತ್ತು. ಹೆಣ್ಣುಮಕ್ಕಳ ಸಾಲೆಗಳಲ್ಲಿ ಹೊಲಿಗೆ ಟೀಚರ್ ಇರುತ್ತಿದ್ದರು. ಆ ಹುಡುಗಿ ದೊಡ್ಡವಳಾಗಿ ಅಂಗಡಿಗೆ ಬಂದು ಇಂಥದೇ ನಂಬರಿನ ದಾರ ಕೊಡಿ ಎನ್ನುತ್ತಿದ್ದಳು. ಈಗ ಆ ಹುಡುಗಿ ಎಂಜಿನಿಯರಾಗಿದ್ದಾಳೆ. ಆದದ್ದು ಒಳ್ಳೆಯದೇ, ಅದಕ್ಕಾಗಿ ಹಲುಬುವವರ ಪೈಕಿ ನಾನಲ್ಲ. ನನ್ನ ತಾಯಿಗೆ ಕ್ರೋಶಾದ ಜೊತೆಗೆ ಒಂದು ಡಿಗ್ರಿಯೂ ಸಿಕ್ಕಿದ್ದರೆ ಅವಳು ಬೇಡವೆನ್ನುತ್ತಿರಲಿಲ್ಲ. ಆದರೆ ನೂಲಿನ ಅಂಗಡಿಗೆ ಇದರಿಂದ ಪೆಟ್ಟು ಬಿತ್ತೆಂಬುದು ಸುಳ್ಳಲ್ಲ.

"ನೂಲ ಮಾರೂದ ಬಿಟ್ಟು ಸಾಲಿ ತಗೀಯೂದೇನ ಇನ್ನ?" ಎಂದರಂತೆ ಕಾಕಾ. ಕೊನೆಗೆ ಮಾಳಿಗೆಯ ಮೇಲಿದ್ದ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಗುಜರಿಗೆ ಹಾಕಿ, ಜಮಖಾನೆ ಹಾಸಿ, ಎರಡು ಮೇಜು ಇಟ್ಟು, ಭಾನುವಾರ ಮಧ್ಯಾಹ್ನ ಕಸೂತಿ, ಶನಿವಾರ ಕ್ರೋಶಾ, ಆಗಾಗ ಗೊಂಡೆ ಕಟ್ಟುವುದು, ಕೌದಿ ಎಂದು ಬೋರ್ಡು ಬಿತ್ತು. ಏಣಿಯಂಥ ಮೆಟ್ಟಿಲು ಹತ್ತಿ ಹೋಗಬೇಕು. ಮಂಡಿನೋವಿನವರು ಒಂದೊಂದೇ ಮೆಟ್ಟಿಲಿಗೆ ದೇವರ ಹೆಸರು ಹೇಳುತ್ತ ಏರುತ್ತಾರೆ.

ಬೋರ್ಡು ಬಿದ್ದ ದಿನದಿಂದ ಒಂದು ತಕರಾರು ತಪ್ಪಿಲ್ಲ. "ಸಾಮಾನೆಲ್ಲಾ ನಿಮ್ಮಲ್ಲೇ ತಗೋತೀವಲ್ರಿ, ಕಲಿಸೂದಕ್ಕ ಮತ್ಯಾಕ್ರೀ ರೊಕ್ಕ?" ಈ ಪ್ರಶ್ನೆ ಕೇಳುವವರು ಬಡವರಲ್ಲ. ಮಗಳ ಕೋಚಿಂಗ್ ಕ್ಲಾಸಿಗೆ ಕೇಳಿದಷ್ಟು ಕಟ್ಟಿ ಬಂದವರು, ಬ್ಯೂಟಿ ಪಾರ್ಲರಿನಲ್ಲಿ ತುಟಿಪಿಟಕ್ ಎನ್ನದವರು. ಕಾಕಾ ಮೊದಮೊದಲು ಮುಜುಗರಪಡುತ್ತಿದ್ದರು. ಈಗ ತಯಾರಾಗಿದ್ದಾರೆ. "ದಾರಕ್ಕ ಎಂಆರ್‌ಪಿ ಐತ್ರಿ ಅಕ್ಕಾರ, ಅದನ್ನ ಯಾರೂ ಕೇಳೂದಿಲ್ಲ. ನಮ್ಮ ಮನ್ಯಾಕಿ ಕೈಗೆ ಎಂಆರ್‌ಪಿ ಹಚ್ಚಿಲ್ಲ, ಅದಕ್ಕ ಎಲ್ಲಾರೂ ಕೇಳತಾರ."

ಕಾಕುವಿನ ಕೈ ಕೆಲಸ ಮಾಡುವುದನ್ನು ಹತ್ತಿರದಿಂದ ನೋಡಿದವರು ಹಾಗೆ ಕೇಳಲಾರರು. ಕಸೂತಿಗೆ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ, ಅಚ್ಚು ಒತ್ತುವುದಿಲ್ಲ. ಎಳೆ ಎಣಿಸಿ ಹಾಕಬೇಕು. ಕಲಿಯುವವರಿಗೆ ಮ್ಯಾಟಿ ಬಟ್ಟೆ ಕೊಡುತ್ತಾರೆ, ಅದರ ಚೌಕಗಳು ಕಣ್ಣಿಗೆ ಕಾಣುತ್ತವೆ. ರೇಷ್ಮೆ ಸೀರೆಯ ಎಳೆ ಎಣಿಸಲಾಗದ್ದಕ್ಕೆ ಜಾಳಿಗೆಯಂಥ ಕ್ಯಾನ್ವಾಸನ್ನು ಮೇಲೆ ಟಾಕಿ, ಅದರ ಮೇಲೆ ಕಸೂತಿ ಹಾಕಿ, ಮುಗಿದ ಮೇಲೆ ಕ್ಯಾನ್ವಾಸಿನ ಎಳೆಗಳನ್ನು ಒಂದೊಂದಾಗಿ ಹಿರಿದು ತೆಗೆಯುತ್ತಾರೆ. ಹೊಲಿಗೆ ನಾಲ್ಕು ಬಗೆ: ಗವಂತಿ, ಮುರಗಿ, ನೇಗಿ, ಮೆಂತೆ. ಗವಂತಿಯಲ್ಲಿ ಹೋಗುವಾಗ ಒಂದು ಮನೆ ಹಾಕಿ ಒಂದು ಮನೆ ಬಿಡುತ್ತ ಹೋಗುತ್ತಾರೆ, ಬರುವಾಗ ಬಿಟ್ಟ ಮನೆಗಳನ್ನು ತುಂಬುತ್ತ ಬರುತ್ತಾರೆ. ಹೋಗುವಾಗ ಅದು ಏನೂ ಅಲ್ಲ, ಚದುರಿದ ಕಡ್ಡಿಗಳು. ಸೂಜಿ ವಾಪಸು ತಿರುಗಿದ ಮೇಲೆ ಒಂದೊಂದೇ ಮೆಟ್ಟಿಲಾಗಿ ಗೋಪುರ ಕೂಡಿಕೊಳ್ಳುತ್ತದೆ. ಎಲ್ಲೂ ಗಂಟು ಹಾಕುವಂತಿಲ್ಲ. ಗವಂತಿ ಎದುರಿಗೆ ಹೇಗೋ ಬೆನ್ನಿಗೂ ಹಾಗೆಯೇ ಕಾಣಬೇಕು. ಕಾಕು ಯಾರ ಕೆಲಸವನ್ನೂ ಎದುರಿನಿಂದ ನೋಡುವುದಿಲ್ಲ. ಕೈಗೆ ತೆಗೆದುಕೊಂಡವರೇ ತಿರುವಿ ಹಾಕುತ್ತಾರೆ. "ಹಿಂದ ಗಂಟ ಕಂಡ್ರ ಅದು ಕಸೂತಿ ಅಲ್ಲವ್ವಾ, ಬರೇ ಹೊಲಿಗಿ. ಬಿಚ್ಚು."

ಬಿಚ್ಚು ಎಂಬುದು ಆ ಮಾಳಿಗೆಯಲ್ಲಿ ಅತಿ ಹೆಚ್ಚು ಕೇಳುವ ಶಬ್ದ. ಅದಕ್ಕೆ ಯಾರೂ ಬೇಸರಿಸುವುದಿಲ್ಲ, ಏಕೆಂದರೆ ಕಾಕು ತಮ್ಮದನ್ನೂ ಬಿಚ್ಚುತ್ತಾರೆ.

ಅಲ್ಲಿಗೆ ಬರುವವರಲ್ಲಿ ಒಬ್ಬರು ಕಾಲೇಜಿನಲ್ಲಿ ಗಣಿತ ಕಲಿಸಿ ನಿವೃತ್ತರಾದ ಮೇಷ್ಟರು. ಹೆಂಡತಿಯನ್ನು ಬಿಡಲು ಬಂದವರು ಸ್ಟೂಲು ಖಾಲಿಯಿಲ್ಲದೆ ಮೇಲೆ ಬಂದು, ಅಲ್ಲೇ ಉಳಿದುಕೊಂಡರು. ಕಾಕು ಒಂದು ತೇರಿನ ಚಿತ್ತಾರ ತೋರಿಸಿ, ಎಲ್ಲಿಂದ ಹೊರಟರೂ ದಾರ ಹರಿಯದೆ ಎಲ್ಲ ಗೆರೆಗಳನ್ನೂ ಸುತ್ತಿ ಹೊರಟಲ್ಲಿಗೇ ಬರಬೇಕು ಎಂದಾಗ ಮೇಷ್ಟರು ಕಾಗದ ಕೇಳಿದರು. ಯೂಲರ್ ಎಂಬ ಗಣಿತಜ್ಞ 1736ರಲ್ಲಿ ಕೋನಿಗ್ಸ್‌ಬರ್ಗ್ ಊರಿನ ಏಳು ಸೇತುವೆಗಳನ್ನು ಒಂದೊಂದೇ ಸಲ ದಾಟಿ ಬರಲು ಸಾಧ್ಯವಿಲ್ಲವೆಂದು ತೋರಿಸಿದ್ದ. ಆದರೆ ಪ್ರತಿ ಸೇತುವೆಯನ್ನೂ ಎರಡು ಸಲ ದಾಟಬಹುದೆಂದರೆ ತೊಡಕೇ ಇಲ್ಲ, ಯಾವ ಊರಾದರೂ ಹೊರಟ ಮನೆಗೆ ಮರಳಬಹುದು. ಗವಂತಿಯಲ್ಲಿ ಪ್ರತಿ ಗೆರೆಯನ್ನೂ ದಾರ ಎರಡು ಸಲವೇ ನಡೆಯುತ್ತದೆ. ಮೇಷ್ಟರು ಇದನ್ನು ಹತ್ತು ನಿಮಿಷ ಉತ್ಸಾಹದಿಂದ ವಿವರಿಸಿದರು. ಕಾಕು ಪೂರ್ತಿ ಕೇಳಿಸಿಕೊಂಡು, "ಹೌದ್ರಿ ಸರ, ಬರತೈತಿ ಅಂತ ನಮಗೂ ಗೊತ್ತೈತ್ರಿ. ಈಗ ಸೂಜಿ ಹಿಡೀರಿ" ಎಂದರು. ಮೇಷ್ಟರ ತೇರಿನ ಬೆನ್ನಿಗೆ ಇನ್ನೂ ಗಂಟು ಕಾಣುತ್ತದೆ.

ಧಾರವಾಡದ ಕಸೂತಿಗೆ 2006ರಲ್ಲಿ ಜಿಐ, ಎಂದರೆ ಭೌಗೋಳಿಕ ಗುರುತಿನ, ಮಾನ್ಯತೆ ಸಿಕ್ಕಿತು. ಒಳ್ಳೆಯದಾಯಿತು. ಆದರೆ ಮಾನ್ಯತೆ ಸಿಕ್ಕಿದ ಮೇಲೂ ಕಂಪ್ಯೂಟರ್ ಎಂಬ್ರಾಯ್ಡರಿಯ ಆನೆ, ಗಿಳಿ, ತುಳಸಿಕಟ್ಟೆಗಳು ಕಸೂತಿಯ ಹೆಸರಿನಲ್ಲೇ ಮಾರಾಟವಾಗುತ್ತವೆ; ಕಸೂತಿಯಂತೆ ಪ್ರಿಂಟ್ ಹಾಕಿದ ಸೀರೆಯೂ ಬಂದಿದೆ. ಗುರುತು ಹಿಡಿಯಲು ಸರ್ಟಿಫಿಕೇಟು ಬೇಕಿಲ್ಲ. ಕಾಕು ಮಾಡುವಂತೆ ತಿರುವಿ ನೋಡಿದರೆ ಮುಗಿಯಿತು.

ಕೌದಿಯ ಕ್ಲಾಸು ಬೇರೆಯೇ ತರಹದ್ದು. ಅಲ್ಲಿ ಕೊಳ್ಳುವುದು ಏನೂ ಇಲ್ಲ, ಮನೆಯ ಹಳೆ ಸೀರೆ, ಧೋತರ ತರಬೇಕು. ಕಡಿಮೆಬಿದ್ದರೆ ಅಂಗಡಿಯ ಕಟ್‌ಪೀಸ್ ಚೀಲದಿಂದ ಆರಿಸಿಕೊಳ್ಳಬಹುದು. ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಹೆಣ್ಣುಮಕ್ಕಳ ಪದ್ಧತಿಯನ್ನು ಸೊಸೆ ಅಲ್ಲಿಗೇ ಹೋಗಿ ನೋಡಿ ಕಲಿತು ಬಂದಿದ್ದಾಳೆ. ಅವರು ಮೂಲೆಯಿಂದ ಶುರುಮಾಡಿ ಅಂಚಿನ ಗುಂಟ ತುಂಡು ಹಚ್ಚುತ್ತ, ಸುತ್ತು ಸುತ್ತಾಗಿ ಒಳಕ್ಕೆ ಬರುತ್ತಾರೆ, ನಡುವೆ ಬಂದು ಮುಗಿಸುತ್ತಾರೆ. ನಾಲ್ಕು ಮೂಲೆಗೆ ಬಟ್ಟೆ ಮಡಚಿ ಮಾಡಿದ ಹೂ ಇಡದಿದ್ದರೆ ಕೌದಿ ಪೂರ್ತಿಯಾಗಲಿಲ್ಲವೆಂದೇ ಲೆಕ್ಕ. ಈ ಕ್ಲಾಸಿನಿಂದ ಅಂಗಡಿಗೆ ಲಾಭವಿಲ್ಲವೆಂದು ಮಗ ಗೊಣಗುತ್ತಾನೆ. ದಾರದ ರೀಲು ನಾಲ್ಕು ಹೆಚ್ಚು ಖರ್ಚಾಗುತ್ತವೆ, ಅಷ್ಟೇ. ಸೊಸೆ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಜನ ಬರುವುದು ಕ್ರೋಶಾಕ್ಕೆ. ಅದರಲ್ಲೂ ಜಪಾನಿನಿಂದ ಬಂದ ಅಮಿಗುರುಮಿ ಎಂಬ ಪುಟ್ಟ ಗೊಂಬೆಗಳಿಗೆ. ಕಾಲೇಜು ಹುಡುಗಿಯರು, ಒಂದಿಬ್ಬರು ಹುಡುಗರೂ, ಆನೆಮರಿ, ಆಮೆ, ಮೊಲ ಹೆಣೆಯುತ್ತಾರೆ. ಹಳೆಯ ಕಾಲದ ಹೆಂಗಸರು ಮೂಗು ಮುರಿಯುತ್ತಾರೆ: ಹೊದೆಯಲು ಬರದ, ತೊಡಲು ಬರದ ಗೊಂಬೆಗೆ ಇಷ್ಟು ದಾರವೇ? ನಾನು ಹುಡುಗಿಯರ ಕಡೆ. ಹೊದೆಯಲು ಬರುವುದನ್ನೇ ಹೆಣೆಯಬೇಕೆಂಬ ಕಾಯಿದೆ ಇದ್ದಿದ್ದರೆ ನಮ್ಮ ಮನೆಗಳಲ್ಲಿ ರೇಡಿಯೋಗೆ, ಟಿವಿಗೆ, ಕೊನೆಗೆ ಟೆಲಿಫೋನಿಗೂ ಕ್ರೋಶಾ ಟೊಪ್ಪಿಗೆ ಹಾಕುತ್ತಿದ್ದವರು ಯಾರು?

ಕ್ರೋಶಾದ ಬಗ್ಗೆ ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಸಂಗತಿಯಿದೆ. ಸ್ವೆಟರ್ ಹೆಣೆಯಲು ಕಾರ್ಖಾನೆಯಲ್ಲಿ ಮಷಿನ್ನುಗಳಿವೆ, ಕಸೂತಿಯ ನಕಲು ಮಾಡಲೂ ಇವೆ. ನಿಜವಾದ ಕ್ರೋಶಾ ಮಾತ್ರ ಮಾರುಕಟ್ಟೆಗೆ ಇಂದಿಗೂ ಕೈಯಿಂದಲೇ ಬರುತ್ತದೆ. ಶಾಪಿಂಗ್ ಮಾಲಿನಲ್ಲಿ ನಾನೂರೈನೂರಕ್ಕೆ ಸಿಗುವ ಕ್ರೋಶಾ ಟಾಪನ್ನು ಎಲ್ಲೋ ಒಬ್ಬಳು ಕೂತು ಕೊಕ್ಕೆಯಿಂದ ಹೆಣೆದಿದ್ದಾಳೆಂದರೆ, ಅವಳಿಗೆ ಎಷ್ಟು ಸಿಕ್ಕೀತು, ಲೆಕ್ಕ ಹಾಕಿ. ಆಂಧ್ರದ ನರಸಾಪುರದಲ್ಲಿ ಮನೆಮನೆಯಲ್ಲಿ ಕ್ರೋಶಾ ಲೇಸ್ ಹೆಣೆದು ವಿದೇಶಕ್ಕೆ ಕಳಿಸುವ ಉದ್ಯೋಗ ಬಹಳ ಹಳೆಯದು. ಮಾರಿಯಾ ಮೀಸ್ ಎಂಬ ಜರ್ಮನ್ ಸಮಾಜವಿಜ್ಞಾನಿ ಅಲ್ಲಿಯ ಹೆಂಗಸರ ಬಗ್ಗೆ 1982ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ದಿನವಿಡೀ ಹೆಣೆದರೂ ಅವರನ್ನು ಕೆಲಸಗಾರರೆಂದು ಯಾರೂ ಗಣಿಸಲಿಲ್ಲ, ಮನೆಯಲ್ಲಿ ಸುಮ್ಮನೆ ಕೂತವರು ಬಿಡುವಿನಲ್ಲಿ ಮಾಡುತ್ತಾರೆ ಎಂದುಕೊಂಡರು, ಕೂಲಿಯೂ ಆ ಅಂದಾಜಿಗೆ ತಕ್ಕಂತೆಯೇ ಇತ್ತು ಎಂಬುದು ಅದರ ತಿರುಳು. ಕೆಳಗೆ ಗಲ್ಲಾದ ಮುಂದೆ ನಿಂತು, ಕಲಿಸೂದಕ್ಕ ಯಾಕ್ರೀ ರೊಕ್ಕ ಎಂದು ಕೇಳುವವರ ಮಾತೂ ಅದೇ ಜಾತಿಯದು.

ಭಾನುವಾರದ ಮೂರು ತಾಸಿನಲ್ಲಿ ಯಾರಿಗೂ ಕಸೂತಿ ಬರುವುದಿಲ್ಲ. ಒಂದೇ ದಿನದಲ್ಲಿ ಕಲಿಯಿರಿ ಎಂದು ಜಾಹೀರಾತು ಹಾಕಿ, ಕೊನೆಗೊಂದು ಸರ್ಟಿಫಿಕೇಟು ಕೊಟ್ಟು, ಫೋಟೋ ತೆಗೆದು ಕಳಿಸುವ ಶಿಬಿರಗಳನ್ನು ಕಂಡರೆ ನನಗೆ ಆಗುವುದಿಲ್ಲ. ಈ ಮಾಳಿಗೆಗೆ ಬಂದವರಲ್ಲೂ ಮುಂದುವರಿಯುವವರು ಬೆರಳೆಣಿಕೆಯಷ್ಟು. ಗೊಂಡೆ ಕಟ್ಟಲು ಕಲಿತ ಕೆಲವರಿಗೆ ಅಂಗಡಿಯಿಂದಲೇ ಸೀರೆಗಳ ಕೆಲಸ ಸಿಗುತ್ತಿದೆ. ಅದು ಅವರ ಕೈಗೆ ಬಂದ ನಿಜವಾದ ಸಂಪಾದನೆ. ಉಳಿದವರು ಅರ್ಧ ಗೋಪುರವನ್ನು ಚೀಲದಲ್ಲಿ ಸುತ್ತಿಕೊಂಡು ಹೋಗುತ್ತಾರೆ, ಅದು ಅರ್ಧವೇ ಉಳಿಯುತ್ತದೆ. ಇದನ್ನು ವ್ಯರ್ಥವೆನ್ನಲು ನನಗೆ ಮನಸ್ಸಿಲ್ಲ. ಮೂರು ತಾಸು ಕಣ್ಣು ಕಿರಿದಾಗಿಸಿ, ಎಣಿಸಿ, ತಪ್ಪಿ, ಬಿಚ್ಚಿ ಒಂದು ಹೆಬ್ಬೆರಳಗಲದ ಗೋಪುರ ಹಾಕಿದವರು ಮುಂದೆ ಯಾವ ಕಸೂತಿ ಸೀರೆಯ ಮುಂದೆಯೂ "ಇಷ್ಟ್ಯಾಕ್ರೀ?" ಎನ್ನಲಾರರು. ನನ್ನ ಗೆಳತಿಯೊಬ್ಬಳು ಹಾಗೆ ಕಲಿತು ಬಿಟ್ಟವಳು. ವಸ್ತುಪ್ರದರ್ಶನವೊಂದರಲ್ಲಿ ಕಸೂತಿಯ ಚಂದ್ರಕಾಳಿ ಸೀರೆಯ ಬೆಲೆ ಕೇಳಿ, ಕೊಳ್ಳುವಷ್ಟು ಹಣವಿಲ್ಲದ್ದಕ್ಕೆ ಮಡಚಿ ಕೊಟ್ಟು ಬಂದಳು. ಕಡಿಮೆ ಮಾಡಿ ಎನ್ನಲಿಲ್ಲ. ಮಾರುತ್ತಿದ್ದ ಹೆಂಗಸೇ, "ಯಾಕ್ರೀ, ಕೇಳೂದಿಲ್ಲೇನು?" ಎಂದು ಆಶ್ಚರ್ಯಪಟ್ಟಳಂತೆ. ನೂರು ಮಂದಿ ಹೀಗೆ ಅರ್ಧಕ್ಕೆ ಬಿಟ್ಟರೂ ಕಾಕುವಿನಂಥ ಹತ್ತು ಮಂದಿಗೆ ನ್ಯಾಯವಾದ ಬೆಲೆ ಸಿಗುವುದಾದರೆ, ಮಾಳಿಗೆ ಖಾಲಿ ಮಾಡಿಸಿದ್ದು ಸಾರ್ಥಕ ಎಂದೇ ನನ್ನ ಲೆಕ್ಕ.

ನಿಮ್ಮ ಊರಿನಲ್ಲೂ ಇಂಥದೊಂದು ಅಂಗಡಿ ಇದ್ದೀತು, ಮೇಲೊಂದು ಮಾಳಿಗೆಯೋ ಹಿಂದೊಂದು ಕೋಣೆಯೋ ಇದ್ದೀತು. ಬೋರ್ಡು ಕಂಡರೆ ಒಂದು ಮಧ್ಯಾಹ್ನ ಹೋಗಿ ಕೂರಿ, ಗಂಡಸರೂ ಹೋಗಬಹುದು, ಸ್ಟೂಲಿಗಿಂತ ಜಮಖಾನೆ ಮೆತ್ತಗಿರುತ್ತದೆ. ಹೇಳಿದಷ್ಟು ಫೀ ಮೊದಲೇ ಕೊಟ್ಟುಬಿಡಿ. ಚೌಕಾಶಿ ಮಾಡದಿದ್ದರೆ ಊಟ ರುಚಿಸುವುದಿಲ್ಲ ಎನ್ನುವವರು ಕೆಳಗೆ ಇಳಿದು ಬಂದು ತಾನಿನ ಬಟ್ಟೆಗೆ ಮಾಡಿ. ಅದರಲ್ಲಿ ಎಷ್ಟು ಬಿಡಬೇಕೆಂದು ಕಾಕಾ ಮೊದಲೇ ಲೆಕ್ಕ ಹಾಕಿ ಇಟ್ಟಿರುತ್ತಾರೆ.